ಒಂದು ಕಡೆ ನಿಲ್ಲದ ಸ್ಟ್ರೈಕರ್: ಬಂಗಾರಪೇಟೆ ಹುಡುಗನ ಪ್ರಶ್ನೆ, ಸುನಿಲ್ ಚೆಟ್ರಿಯವರ ಅಲೆದಾಟದ ವರ್ಷಗಳು

ಈ ಪ್ರಕರಣದ ಹುಡುಗ ಬಂಗಾರಪೇಟೆಯವನು. ವಯಸ್ಸು ಇಪ್ಪತ್ತು ದಾಟಿದೆ. ಫುಟ್‌ಬಾಲ್‌ನಲ್ಲಿ ಮುಂದೆ ನಿಂತು ಗೋಲು ಹೊಡೆಯುವವನು, ಅಂದರೆ ಸ್ಟ್ರೈಕರ್. ಕೆಜಿಎಫ್‌ನ ಗಣಿ ಕಾಲನಿಗಳ ಮೈದಾನದಲ್ಲಿ ಆಟ ಕಲಿತ. ಈಗ ಬೆಂಗಳೂರಿನ ಲೀಗ್‌ನಲ್ಲಿ ಆಡುತ್ತಾನೆ. ಬೆಳಗ್ಗೆ ಕೆಲಸಕ್ಕೆ ಹೋಗುವವರ ಜೊತೆ ರೈಲು ಹತ್ತಿ ಬೆಂಗಳೂರಿಗೆ ಹೋಗುತ್ತಾನೆ, ರಾತ್ರಿ ಅದೇ ಜನರ ಜೊತೆ ವಾಪಸ್ ಬರುತ್ತಾನೆ. ಲೀಗ್ ಆಡಲು ಶುರು ಮಾಡಿದ ಮೇಲೆ ಮೂರು ಕ್ಲಬ್ ನೋಡಿದ್ದಾನೆ. ಈಗಿನದು ಸಣ್ಣ ಕ್ಲಬ್. ಆದರೆ ಅಲ್ಲಿ ಪ್ರತಿ ಪಂದ್ಯವನ್ನೂ ಶುರುವಿನಿಂದ ಕೊನೆವರೆಗೆ ಆಡುತ್ತಾನೆ.

ಈ ಹೊತ್ತಿಗೆ ಗೋವಾದಿಂದ ಕರೆ ಬಂತು. ದೊಡ್ಡ ಹೆಸರಿನ ಕ್ಲಬ್. ದುಡ್ಡೂ ಜಾಸ್ತಿ. ಹುಡುಗ ಹೊರಡಲು ತಯಾರಾಗಿಬಿಟ್ಟ. ಅಪ್ಪ ಬೇಡ ಅಂದರು. ಅವರು ಕಾರ್ಖಾನೆಯಲ್ಲಿ ಒಂದೇ ಜಾಗದಲ್ಲಿ ಇಷ್ಟು ವರ್ಷ ದುಡಿದವರು. ಅವರ ಮಾತು ನೇರ: "ಸಾರ್, ಇವನು ಒಂದು ಕಡೆ ನಿಲ್ಲಲ್ಲ. ಚೆಟ್ರಿನ ನೋಡಿ, ಒಂದೇ ಟೀಮಲ್ಲಿ ಇದ್ದು ಎಷ್ಟು ದೊಡ್ಡ ಹೆಸರು ಮಾಡಿದ್ರು. ಇವನಿಗೆ ನೀವಾದ್ರೂ ಹೇಳಿ."

ನಾನು ಇಲ್ಲಿನ ಹುಡುಗರಿಗೆ ಆಟ ಹೇಳಿಕೊಡುವವನು. ಆ ತಂದೆಯ ಚಿಂತೆ ನನಗೆ ಅರ್ಥ ಆಗುತ್ತದೆ. ಆದರೆ ಭಾರತ ಫುಟ್‌ಬಾಲ್ ತಂಡದ ನಾಯಕರಾಗಿದ್ದ ಸುನಿಲ್ ಚೆಟ್ರಿಯವರದು ಅಂತ ಅವರು ಕೊಟ್ಟ ಉದಾಹರಣೆ ಪೂರ್ತಿ ಸರಿ ಇಲ್ಲ. ಅದಕ್ಕೇ ಮೂವರೂ ಕೂತು ಚೆಟ್ರಿಯವರ ವರ್ಷಗಳನ್ನು ಒಂದೊಂದಾಗಿ ಬಿಡಿಸಿ ನೋಡಿದೆವು. ಈ ಬರಹ ಹುಟ್ಟಿದ್ದು ಅದರಿಂದ.

29ರವರೆಗೆ ನೆಲೆ ಇರಲಿಲ್ಲ

ನಮ್ಮ ಕಡೆ ಜನಕ್ಕೆ ಸುನಿಲ್ ಚೆಟ್ರಿ ಅಂದರೆ ಬೆಂಗಳೂರು ಎಫ್‌ಸಿ, ಕಂಠೀರವ, ನೀಲಿ ಅಂಗಿ. ಆದರೆ ಅವರು ಹುಟ್ಟಿದ್ದು 1984ರ ಆಗಸ್ಟ್ 3ರಂದು, ಸಿಕಂದರಾಬಾದ್‌ನಲ್ಲಿ. ಬೆಂಗಳೂರು ಎಫ್‌ಸಿ ಹುಟ್ಟಿದ್ದು 2013ರಲ್ಲಿ. ಆಗ ಚೆಟ್ರಿಗೆ 29 ವರ್ಷ. ಒಬ್ಬ ಸ್ಟ್ರೈಕರ್‌ನ ಅರ್ಧ ಆಯಸ್ಸು ಮುಗಿದಿರುವ ವಯಸ್ಸು ಅದು.

ಅದಕ್ಕೂ ಮುಂಚೆ ಎಲ್ಲೆಲ್ಲಿದ್ದರು? ದೆಹಲಿಯ ಸಣ್ಣ ಕ್ಲಬ್ಬಿನಿಂದ 2002ರಲ್ಲಿ ಕೋಲ್ಕತ್ತದ ಮೋಹನ್ ಬಾಗಾನ್‌ಗೆ ಹೋದರು. 2005ರಲ್ಲಿ ಪಂಜಾಬಿನ ಜೆಸಿಟಿ. 2008ರಲ್ಲಿ ಮತ್ತೆ ಕೋಲ್ಕತ್ತ, ಈ ಸಲ ಈಸ್ಟ್ ಬೆಂಗಾಲ್. 2009ರಲ್ಲಿ ಗೋವಾದ ಡೆಂಪೊ. 2010ರಲ್ಲಿ ಅಮೆರಿಕದ ಕ್ಯಾನ್ಸಸ್ ಸಿಟಿ. 2011ರಲ್ಲಿ ಚಿರಾಗ್ ಯುನೈಟೆಡ್, ಅದೇ ವರ್ಷ ಮತ್ತೆ ಮೋಹನ್ ಬಾಗಾನ್. 2012ರಲ್ಲಿ ಪೋರ್ಚುಗಲ್‌ನ ಸ್ಪೋರ್ಟಿಂಗ್ ಕ್ಲಬ್ಬಿನ ಬಿ ತಂಡ. 2013ರ ಶುರುವಿನಲ್ಲಿ ಗೋವಾದ ಚರ್ಚಿಲ್ ಬ್ರದರ್ಸ್‌ಗೆ ಲೋನ್, ಅಂದರೆ ಸ್ವಲ್ಪ ಕಾಲಕ್ಕೆ ಎರವಲು.

ಈ ಪಟ್ಟಿ ಓದಿ ಹೇಳಿದಾಗ ಹುಡುಗನ ಅಪ್ಪ ಸ್ವಲ್ಪ ಹೊತ್ತು ಮಾತಾಡಲಿಲ್ಲ. ಆಮೇಲೆ "ಇಷ್ಟೊಂದಾ?" ಅಂದರು. ಒಂದೇ ಕಡೆ ಇದ್ದು ಹೆಸರು ಮಾಡಿದವರು ಅಂತ ನಾವೆಲ್ಲ ನಂಬಿರುವ ಮನುಷ್ಯ ನಮ್ಮ ದೇಶದಲ್ಲಿ ಅತಿ ಹೆಚ್ಚು ಊರು ಸುತ್ತಿದ ಸ್ಟ್ರೈಕರ್‌ಗಳಲ್ಲಿ ಒಬ್ಬರು. ಚೆಟ್ರಿಯವರ ತಂದೆ ಸೈನ್ಯದಲ್ಲಿದ್ದರು. ಅದರಿಂದ ಬಾಲ್ಯವೂ ಊರಿಂದ ಊರಿಗೆ ಹೋಗುತ್ತಲೇ ಕಳೆಯಿತು. ತಾಯಿ ನೇಪಾಳದ ಮಹಿಳಾ ತಂಡಕ್ಕೆ ಆಡಿದವರು. ಆಟ ಮನೆಯಲ್ಲೇ ಇತ್ತು. ನೆಲೆ ಇರಲಿಲ್ಲ.

ಇಷ್ಟು ಕ್ಲಬ್ ಯಾಕೆ ಬದಲಾದವು ಅನ್ನುವುದನ್ನೂ ನೋಡಬೇಕು. ಎಲ್ಲವೂ ಚೆಟ್ರಿಯವರ ಆಸೆಯಿಂದ ಆದದ್ದಲ್ಲ. ನಮ್ಮ ದೇಶದ ಫುಟ್‌ಬಾಲ್‌ನಲ್ಲಿ ಕ್ಲಬ್ಬುಗಳೇ ಗಟ್ಟಿಯಾಗಿ ನಿಲ್ಲಲಿಲ್ಲ. ಮಹೀಂದ್ರ ಯುನೈಟೆಡ್ 2010ರಲ್ಲಿ ಬಾಗಿಲು ಹಾಕಿತು. ಚೆಟ್ರಿಯವರನ್ನು ಬೆಳೆಸಿದ ಜೆಸಿಟಿ ಬಟ್ಟೆ ಗಿರಣಿಯ ತಂಡ, ಅದು 2011ರಲ್ಲಿ ಮುಚ್ಚಿತು. ಕೆಜಿಎಫ್‌ನವರಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ. 2001ರಲ್ಲಿ ಗಣಿ ನಿಂತಾಗ ಬರೀ ಕೆಲಸ ಹೋಗಲಿಲ್ಲ. ಸಂಜೆಯ ಆಟವೂ, ಅದನ್ನು ನೋಡಲು ಸೇರುತ್ತಿದ್ದ ಜನವೂ ಕಡಿಮೆಯಾದರು. ಕಂಪನಿ ಇದ್ದರೆ ಟೀಮು. ಕಂಪನಿ ಹೋದರೆ ಆಟಗಾರ ಬ್ಯಾಗು ಹಿಡಿದು ಹೊರಡಬೇಕು.

ಕಾಗದ ತಡೆದ ದಾರಿ

2009ರಿಂದ 2013ರವರೆಗಿನ ನಾಲ್ಕು ವರ್ಷವೇ ಈ ಪ್ರಕರಣದ ಹೃದಯ. ಅದನ್ನು ನಿಧಾನವಾಗಿ ನೋಡೋಣ.

2008ರ ಆಗಸ್ಟ್ 13ರಂದು ದೆಹಲಿಯ ಅಂಬೇಡ್ಕರ್ ಕ್ರೀಡಾಂಗಣದಲ್ಲಿ ಏಷ್ಯಾ ಫುಟ್‌ಬಾಲ್ ಒಕ್ಕೂಟದ (ಎಎಫ್‌ಸಿ) ಚಾಲೆಂಜ್ ಕಪ್ ಫೈನಲ್ ನಡೆಯಿತು. ಎದುರಾಳಿ ತಜಿಕಿಸ್ತಾನ. ಭಾರತ 4-1ರಿಂದ ಗೆದ್ದಿತು. ಚೆಟ್ರಿ ಹ್ಯಾಟ್ರಿಕ್ ಹೊಡೆದರು. ಆ ಗೆಲುವಿನಿಂದ ಭಾರತ 2011ರ ಏಷ್ಯಾ ಕಪ್‌ಗೆ ಅರ್ಹತೆ ಪಡೆಯಿತು. 27 ವರ್ಷದ ಮೇಲೆ ಸಿಕ್ಕ ಅವಕಾಶ ಅದು. ಹೊರದೇಶದ ಕ್ಲಬ್ಬುಗಳ ಕಣ್ಣು ಚೆಟ್ರಿಯವರ ಮೇಲೆ ಬಿತ್ತು.

2009ರಲ್ಲಿ ಇಂಗ್ಲೆಂಡಿನ ಕ್ವೀನ್ಸ್ ಪಾರ್ಕ್ ರೇಂಜರ್ಸ್ ಜೊತೆ ಮಾತಾಯಿತು. ಮೂರು ವರ್ಷದ ಒಪ್ಪಂದ. ಕ್ಲಬ್ಬಿಗೆ ಬೇಕಿತ್ತು, ಆಟಗಾರನಿಗೂ ಬೇಕಿತ್ತು. ಆದರೂ ಆಗಲಿಲ್ಲ. ಬ್ರಿಟನ್‌ನಲ್ಲಿ ಹೊರಗಿನ ಆಟಗಾರನಿಗೆ ವರ್ಕ್ ಪರ್ಮಿಟ್ ಸಿಗಬೇಕಾದರೆ ಅವನ ದೇಶ ಫಿಫಾ ರ್‍ಯಾಂಕಿಂಗ್‌ನಲ್ಲಿ ಮೊದಲ 70ರೊಳಗೆ ಇರಬೇಕು ಎನ್ನುವ ನಿಯಮ ಆಗ ಇತ್ತು. ಭಾರತ 150ರ ಆಚೀಚೆ ಇತ್ತು. ಪರ್ಮಿಟ್ ಸಿಗಲಿಲ್ಲ.

ಇದನ್ನು ಓದಿದಾಗಲೆಲ್ಲ ನನಗೆ ಬೇಸರ ಆಗುತ್ತದೆ. ಚೆಟ್ರಿ ಆಡಿ ಸೋತದ್ದಲ್ಲ. ಆಡಲು ಬಿಡಲಿಲ್ಲ. ಒಬ್ಬ ಸ್ಟ್ರೈಕರ್ ಎಷ್ಟೇ ಗೋಲು ಹೊಡೆದರೂ ಅವನ ದೇಶದ ತಂಡದ ಹತ್ತು ವರ್ಷದ ಸೋಲುಗಳು ಅವನ ಹೆಗಲ ಮೇಲೆ ಕೂತಿರುತ್ತವೆ. ಕೋಲಾರ ಜಿಲ್ಲೆಯ ಹುಡುಗರಿಗೂ ಬೇರೆ ರೀತಿಯಲ್ಲಿ ಇದೇ ಆಗುತ್ತದೆ. ಇಲ್ಲಿ ದೊಡ್ಡ ಟೂರ್ನಿ ಇಲ್ಲ. ನೋಡಲು ಬರುವವರಿಲ್ಲ. ಇವರು ಹೊಡೆದ ಗೋಲಿಗೆ ಲೆಕ್ಕ ಇಡುವವರೂ ಇಲ್ಲ.

ಕ್ಯಾನ್ಸಸ್, ಆಮೇಲೆ ಲಿಸ್ಬನ್

2010ರ ಮಾರ್ಚ್‌ನಲ್ಲಿ ಚೆಟ್ರಿ ಅಮೆರಿಕದ ಮೇಜರ್ ಲೀಗ್ ಸಾಕರ್‌ನ ಕ್ಯಾನ್ಸಸ್ ಸಿಟಿ ವಿಜಾರ್ಡ್ಸ್ ಸೇರಿದರು. ಪೀಟರ್ ವರ್ಮ್ಸ್ ಕೋಚ್. ಆ ತಂಡಕ್ಕೆ ಆಗ ಸ್ವಂತ ಕ್ರೀಡಾಂಗಣವೂ ಇರಲಿಲ್ಲ. ಬೇಸ್‌ಬಾಲ್ ಮೈದಾನದಲ್ಲಿ ಆಡುತ್ತಿತ್ತು. ಏಪ್ರಿಲ್‌ನಲ್ಲಿ ಯುಎಸ್ ಓಪನ್ ಕಪ್‌ನ ಪಂದ್ಯದಲ್ಲಿ ಕೊಲೊರಾಡೊ ರ್‍ಯಾಪಿಡ್ಸ್ ಎದುರು ಚೆಟ್ರಿಯವರನ್ನು ಶುರುವಿನಿಂದ ಆಡಿಸಿದರು. ಅರ್ಧ ವೇಳೆಗೆ ಹೊರಗೆ ಕರೆದರು. ಜುಲೈನಲ್ಲಿ ಮ್ಯಾಂಚೆಸ್ಟರ್ ಯುನೈಟೆಡ್ ಜೊತೆ ಸ್ನೇಹ ಪಂದ್ಯ ಇತ್ತು. ಕ್ಯಾನ್ಸಸ್ 2-1ರಿಂದ ಗೆದ್ದಿತು. ಚೆಟ್ರಿ ಬದಲಿ ಆಟಗಾರನಾಗಿ ಇಳಿದರು. ಲೀಗ್‌ನಲ್ಲಿ ಒಂದು ಪಂದ್ಯವೂ ಸಿಗಲಿಲ್ಲ. ಹೊರಗಿನಿಂದ ನೋಡುವವರಿಗೆ ಮ್ಯಾಂಚೆಸ್ಟರ್ ಎದುರು ಆಡಿದ್ದೇ ದೊಡ್ಡದು. ಸ್ಟ್ರೈಕರ್‌ನ ಕಣ್ಣಿನಿಂದ ನೋಡಿದರೆ ಆ ವರ್ಷ ಬೆಂಚಿನ ಮೇಲೆ ಕಳೆಯಿತು.

ವರ್ಷದ ಕೊನೆಗೆ ಏಷ್ಯಾ ಕಪ್ ತಯಾರಿಗೆ ಚೆಟ್ರಿ ಭಾರತದ ಶಿಬಿರಕ್ಕೆ ವಾಪಸ್ ಬಂದರು. 2011ರ ಜನವರಿಯಲ್ಲಿ ಕತಾರ್‌ನಲ್ಲಿ ಭಾರತ ಮೂರೂ ಪಂದ್ಯ ಸೋತಿತು. ಆಸ್ಟ್ರೇಲಿಯಾ ಎದುರು 0-4, ಬಹ್ರೇನ್ ಎದುರು 2-5, ದಕ್ಷಿಣ ಕೊರಿಯಾ ಎದುರು 1-4. ಅದರಲ್ಲಿ ಚೆಟ್ರಿಯವರ ಎರಡು ಗೋಲಿತ್ತು. ಬಹ್ರೇನ್ ಎದುರು ಒಂದು, ಕೊರಿಯಾ ಎದುರು ಪೆನಾಲ್ಟಿಯಲ್ಲಿ ಒಂದು. ಕ್ಲಬ್ಬಿನಲ್ಲಿ ಇಡೀ ವರ್ಷ ಬೆಂಚಿನಲ್ಲಿ ಕೂತವನು ದೇಶದ ಅಂಗಿ ಹಾಕಿದ ಕೂಡಲೇ ಗೋಲು ಹೊಡೆದ. ನನಗೆ ಇದು ಈ ಪ್ರಕರಣದ ಬಹಳ ಮುಖ್ಯವಾದ ಸುಳಿವು. ಇದಕ್ಕೆ ಮತ್ತೆ ಬರುತ್ತೇನೆ.

ಪೋರ್ಚುಗಲ್‌ನದು ಇನ್ನೂ ದೊಡ್ಡ ಹೆಸರು. ಲಿಸ್ಬನ್‌ನ ಸ್ಪೋರ್ಟಿಂಗ್ ಅಂದರೆ ಫಿಗೊ, ಕ್ರಿಸ್ಟಿಯಾನೊ ರೊನಾಲ್ಡೊ, ನಾನಿ ಬೆಳೆದ ಕ್ಲಬ್. 2012ರ ಜುಲೈನಲ್ಲಿ ಚೆಟ್ರಿ ಅಲ್ಲಿಗೆ ಹೋದರು. ಮುಖ್ಯ ತಂಡದ ಕೋಚ್ ಬೇಗನೇ ಬಿ ತಂಡಕ್ಕೆ ಕಳಿಸಿದರು. ಬಿ ತಂಡ ಅಲ್ಲಿನ ಎರಡನೇ ದರ್ಜೆಯ ಲೀಗ್‌ನಲ್ಲಿ ಆಡುತ್ತಿತ್ತು. ಅಲ್ಲೂ ಬೆರಳೆಣಿಕೆಯ ಪಂದ್ಯ. ಗೋಲಿಲ್ಲ. ಆ ಕೋಚ್ ಹೇಳಿದ್ದು ಸರಿಯಾಗಿತ್ತು, ನಾನು ಆ ಮಟ್ಟಕ್ಕೆ ಇರಲಿಲ್ಲ ಎಂದು ಚೆಟ್ರಿ ಆಮೇಲೆ ಸಂದರ್ಶನಗಳಲ್ಲಿ ಮುಚ್ಚುಮರೆ ಇಲ್ಲದೆ ಹೇಳಿದ್ದಾರೆ. ಹಾಗೆ ಹೇಳಲು ಎಷ್ಟು ಗಟ್ಟಿ ಮನಸ್ಸು ಬೇಕು ಅಲ್ವಾ? ನಮ್ಮ ಹುಡುಗರು ಬೆಂಚಿನಲ್ಲಿ ಕೂತರೆ ಕೋಚ್‌ನ ಬೈಯುತ್ತಾರೆ, ಮನೆಯವರು ರಾಜಕೀಯ ಅನ್ನುತ್ತಾರೆ.

ಬಿ ತಂಡದ ಒಂದು ವಿಷಯ ಇಲ್ಲಿ ಹೇಳಬೇಕು. ದೊಡ್ಡ ಕ್ಲಬ್ಬಿನ ಬಿ ತಂಡ ಇರುವುದು ಹದಿನೆಂಟು, ಹತ್ತೊಂಬತ್ತರ ಹುಡುಗರನ್ನು ಮುಖ್ಯ ತಂಡಕ್ಕೆ ತಯಾರು ಮಾಡಲು. 28ರ ಸ್ಟ್ರೈಕರ್ ಅಲ್ಲಿ ಬಂದರೆ ಕೋಚ್‌ಗೆ ಅವನನ್ನು ಆಡಿಸಲು ಕಾರಣವೇ ಇರುವುದಿಲ್ಲ. ಅವನ ಜಾಗದಲ್ಲಿ ಸ್ವಂತ ಅಕಾಡೆಮಿಯ ಹುಡುಗನನ್ನು ಆಡಿಸಿದರೆ ಕ್ಲಬ್ಬಿಗೆ ಲಾಭ. ಹೆಸರು ನೋಡಿ ಹೋದರೆ ಇದು ಗೊತ್ತಾಗುವುದಿಲ್ಲ. ಹೋಗುವ ಮುಂಚೆ ಕೇಳಿದರೆ ಗೊತ್ತಾಗುತ್ತದೆ.

2013ರ ಫೆಬ್ರವರಿಯಲ್ಲಿ ಚರ್ಚಿಲ್‌ಗೆ ಲೋನ್ ಮೇಲೆ ಬಂದರು. ಆ ಸೀಸನ್‌ನ ಐ-ಲೀಗ್, ಅಂದರೆ ಆಗಿನ ದೇಶದ ಮುಖ್ಯ ಲೀಗ್, ಚರ್ಚಿಲ್ ಗೆದ್ದಿತು.

ಬದಲಾಗದ ಅಂಗಿ

ಈಗ ಆ ಸುಳಿವಿಗೆ ಬರುತ್ತೇನೆ. ಕ್ಲಬ್ ಯಾವುದೇ ಇರಲಿ, ಚೆಟ್ರಿಯವರಿಗೆ ಒಂದು ಅಂಗಿ ಬದಲಾಗಲಿಲ್ಲ. 2005ರ ಜೂನ್ 12ರಂದು ಪಾಕಿಸ್ತಾನದ ಕ್ವೆಟ್ಟಾದಲ್ಲಿ ಭಾರತಕ್ಕೆ ಮೊದಲ ಪಂದ್ಯ ಆಡಿದರು. ಅಂದೇ ಗೋಲು ಹೊಡೆದರು. ಪಂದ್ಯ 1-1. ಅಲ್ಲಿಂದ ಆಚೆ ಕ್ಲಬ್ಬಿನಲ್ಲಿ ಏರುಪೇರು ಆದಾಗಲೆಲ್ಲ ದೇಶದ ತಂಡ ಕೈ ಹಿಡಿಯಿತು. ಅಮೆರಿಕದಿಂದ ಬಂದ ಮರುವರ್ಷವೇ, 2011ರ ಡಿಸೆಂಬರ್‌ನಲ್ಲಿ, ದೆಹಲಿಯಲ್ಲಿ ನಡೆದ ದಕ್ಷಿಣ ಏಷ್ಯಾ ದೇಶಗಳ ಸ್ಯಾಫ್ ಟೂರ್ನಿಯಲ್ಲಿ ಏಳು ಗೋಲು. ಸ್ಪೋರ್ಟಿಂಗ್‌ಗೆ ಸೇರಿದ ಕೆಲವೇ ವಾರಕ್ಕೆ, 2012ರ ಸೆಪ್ಟೆಂಬರ್‌ನಲ್ಲಿ, ನೆಹರೂ ಕಪ್ ಫೈನಲ್‌ನಲ್ಲಿ ಕ್ಯಾಮರೂನ್ ಎದುರು ಭಾರತ ಪೆನಾಲ್ಟಿ ಶೂಟೌಟ್‌ನಲ್ಲಿ ಗೆದ್ದಿತು. ನಾಯಕ ಚೆಟ್ರಿ.

ಯಾಕೆ ಹೀಗೆ? ದೇಶದ ತಂಡದಲ್ಲಿ ಚೆಟ್ರಿ ಮುಂದಿನ ಸಾಲಿನ ಮೊದಲ ಹೆಸರು. ತಂಡ ಅವರನ್ನು ನಂಬಿ ಆಡುತ್ತಿತ್ತು. ಚೆಂಡು ಅವರನ್ನು ಹುಡುಕಿ ಬರುತ್ತಿತ್ತು. ಕ್ಲಬ್ಬುಗಳಲ್ಲಿ ಹಾಗಿರಲಿಲ್ಲ. ಆ ವರ್ಷಗಳಲ್ಲಿ ಐ-ಲೀಗ್‌ನಲ್ಲಿ ಗೋಲಿನ ಪಟ್ಟಿಯ ತಲೆಯಲ್ಲಿ ಇರುತ್ತಿದ್ದವರು ನೈಜೀರಿಯಾದ ಒಡಾಫಾ ಒಕೋಲಿ ಮತ್ತು ರಂಟಿ ಮಾರ್ಟಿನ್ಸ್. ಡೆಂಪೊದಲ್ಲಿ ಚೆಟ್ರಿ ಪಕ್ಕ ರಂಟಿ ಇದ್ದರು. ಎರಡನೇ ಸಲ ಮೋಹನ್ ಬಾಗಾನ್‌ಗೆ ಹೋದಾಗ ಪಕ್ಕ ಒಡಾಫಾ ಇದ್ದರು. ನಮ್ಮ ಕ್ಲಬ್ಬುಗಳು ಸ್ಟ್ರೈಕರ್ ಬೇಕು ಅಂದ ಕೂಡಲೇ ಹೊರದೇಶದವರನ್ನು ಹುಡುಕುತ್ತವೆ. ಭಾರತದ ಹುಡುಗನನ್ನು ರೆಕ್ಕೆಯ ಕಡೆ, ಅಂದರೆ ಮೈದಾನದ ಅಂಚಿಗೆ, ತಳ್ಳುತ್ತವೆ. ಇದು ಇವತ್ತಿಗೂ ಬದಲಾಗಿಲ್ಲ. ಚೆಟ್ರಿಯ ನಂತರ ಯಾರು ಅನ್ನುವ ಪ್ರಶ್ನೆಗೆ ಉತ್ತರ ಸಿಗದಿರಲು ದೊಡ್ಡ ಕಾರಣ ಇದೇ ಅಂತ ನಾನು ಗಟ್ಟಿಯಾಗಿ ನಂಬುತ್ತೇನೆ. ಗೋಲಿನ ಮುಂದೆ ಆಡಲು ಬಿಟ್ಟರೆ ತಾನೇ ಗೋಲು ಹೊಡೆಯಲು ಬರುವುದು?

ಇಲ್ಲಿ ಇನ್ನೊಬ್ಬ ಅಲೆಮಾರಿ ಸ್ಟ್ರೈಕರ್ ನೆನಪಾಗುತ್ತಾರೆ. ಫ್ರಾನ್ಸ್‌ನ ನಿಕೊಲಾ ಅನೆಲ್ಕಾ. ಪ್ಯಾರಿಸ್, ಆರ್ಸೆನಲ್, ರಿಯಲ್ ಮ್ಯಾಡ್ರಿಡ್, ಲಿವರ್‌ಪೂಲ್, ಮ್ಯಾಂಚೆಸ್ಟರ್ ಸಿಟಿ, ಟರ್ಕಿಯ ಫೆನರ್ಬಾಚೆ, ಬೋಲ್ಟನ್, ಚೆಲ್ಸಿ, ಚೀನಾದ ಶಾಂಘೈ, ಯುವೆಂಟಸ್, ಕೊನೆಗೆ ಮುಂಬೈ ಸಿಟಿ. ಮ್ಯಾಡ್ರಿಡ್‌ನಲ್ಲಿ ಅಭ್ಯಾಸಕ್ಕೆ ಬರಲ್ಲ ಅಂತ ಹಟ ಹಿಡಿದು ಕ್ಲಬ್ಬಿನಿಂದ ಅಮಾನತಾದರು. ಅದೇ 2000ದ ಚಾಂಪಿಯನ್ಸ್ ಲೀಗ್ ಸೆಮಿಫೈನಲ್‌ನ ಎರಡೂ ಪಂದ್ಯದಲ್ಲಿ ಬಾಯರ್ನ್ ಎದುರು ಗೋಲು ಹೊಡೆದು ತಂಡವನ್ನು ಫೈನಲ್‌ಗೆ ಕರೆದುಕೊಂಡು ಹೋದರು. ಅನೆಲ್ಕಾಗೆ ಎಲ್ಲಿ ಹೋದರೂ ಬಾಗಿಲು ತೆಗೆದಿತ್ತು. ಅವರ ಅಲೆದಾಟಕ್ಕೆ ಅವರ ಸ್ವಭಾವವೂ ಕಾರಣ. ಚೆಟ್ರಿಯವರದು ಬಾಗಿಲು ಹುಡುಕುವ ಅಲೆದಾಟ. ಕ್ಲಬ್ಬುಗಳ ಎಣಿಕೆ ನೋಡಿದರೆ ಇಬ್ಬರೂ ಒಂದೇ ಥರ ಕಾಣುತ್ತಾರೆ. ಅದಕ್ಕೇ ಬರೀ ಎಣಿಕೆಯಿಂದ ಏನೂ ಗೊತ್ತಾಗುವುದಿಲ್ಲ. 2015ರ ಐಎಸ್‌ಎಲ್‌ನಲ್ಲಿ (ಇಂಡಿಯನ್ ಸೂಪರ್ ಲೀಗ್; ಬೆಂಗಳೂರು ಎಫ್‌ಸಿ ಆಗ ಅದರಲ್ಲಿ ಇರಲಿಲ್ಲ) ಇವರಿಬ್ಬರೂ ಮುಂಬೈ ತಂಡದಲ್ಲಿ ಒಟ್ಟಿಗಿದ್ದರು. ಅನೆಲ್ಕಾ ಆಟಗಾರನೂ ಹೌದು, ಕೋಚ್ ಕೂಡ. ಆ ಸೀಸನ್‌ನಲ್ಲಿ ನಾರ್ತ್‌ಈಸ್ಟ್ ಎದುರು ಚೆಟ್ರಿ ಹ್ಯಾಟ್ರಿಕ್ ಹೊಡೆದರು. ಐಎಸ್‌ಎಲ್‌ನಲ್ಲಿ ಭಾರತೀಯನೊಬ್ಬನ ಮೊದಲ ಹ್ಯಾಟ್ರಿಕ್ ಅದು.

ಬೆಂಗಳೂರಿನಲ್ಲಿ ಏನು ಬೇರೆಯಾಯಿತು

2013ರಲ್ಲಿ ಬೆಂಗಳೂರು ಎಫ್‌ಸಿ ಹೊಸ ಕ್ಲಬ್. ಚರಿತ್ರೆ ಇಲ್ಲ, ಕಪ್ ಇಲ್ಲ, ಅಭಿಮಾನಿ ಬಳಗವೂ ಇನ್ನೂ ಹುಟ್ಟಿರಲಿಲ್ಲ. ಲಿಸ್ಬನ್ ಪಕ್ಕ ಇಟ್ಟು ನೋಡಿದರೆ ಇದು ಕೆಳಗೆ ಇಳಿದ ಹಾಗೆ ಕಾಣಬೇಕು. ಆದರೆ ಕೋಚ್ ಆಶ್ಲಿ ವೆಸ್ಟ್‌ವುಡ್ ಚೆಟ್ರಿಯವರನ್ನೇ ನಾಯಕನನ್ನಾಗಿ ಮಾಡಿ ತಂಡ ಕಟ್ಟಿದರು. ಮೊದಲ ಸೀಸನ್‌ನಲ್ಲೇ ಐ-ಲೀಗ್ ಗೆದ್ದರು. ಚೆಟ್ರಿ 14 ಗೋಲು ಹೊಡೆದರು. 2016ರಲ್ಲಿ ಮತ್ತೆ ಐ-ಲೀಗ್, ಅದೇ ವರ್ಷ ದೋಹಾದಲ್ಲಿ ಎಎಫ್‌ಸಿ ಕಪ್ ಫೈನಲ್ (ಅಲ್ಲಿ ಸೋತರು), 2019ರಲ್ಲಿ ಐಎಸ್‌ಎಲ್.

ಇಲ್ಲೂ ಚೆಟ್ರಿ ಯಾವಾಗಲೂ ನಡುವೆಯೇ ಆಡಲಿಲ್ಲ. 2017-18ರಲ್ಲಿ ವೆನೆಜುವೆಲಾದ ಮಿಕು ನಡುವೆ ನಿಂತರೆ ಚೆಟ್ರಿ ಎಡಗಡೆಯಿಂದ ಒಳಗೆ ನುಗ್ಗುತ್ತಿದ್ದರು. ಆದರೂ ಆ ಲೀಗ್‌ನಲ್ಲಿ 14 ಗೋಲು ಬಂತು. ಕಾರಣ, ಪ್ರತಿ ಪಂದ್ಯದಲ್ಲೂ ಆಡುವುದು ಗ್ಯಾರಂಟಿ ಇತ್ತು. ಜಾಗ ಬದಲಾದರೂ ತಂಡ ಚೆಂಡನ್ನು ಚೆಟ್ರಿಗೆ ತಲುಪಿಸುವ ರೀತಿಯಲ್ಲೇ ಆಡುತ್ತಿತ್ತು.

2024ರ ಜೂನ್ 6ರಂದು ಕೋಲ್ಕತ್ತದಲ್ಲಿ ಕುವೈತ್ ಎದುರಿನ ಪಂದ್ಯ ಆಡಿ ದೇಶದ ತಂಡಕ್ಕೆ ವಿದಾಯ ಹೇಳಿದಾಗ 94 ಗೋಲು ಆಗಿತ್ತು. 2025ರ ಮಾರ್ಚ್‌ನಲ್ಲಿ ಮತ್ತೆ ಬಂದು ಶಿಲ್ಲಾಂಗ್‌ನಲ್ಲಿ ಮಾಲ್ಡೀವ್ಸ್ ಎದುರು 95ನೆಯದು ಹೊಡೆದರು. ನಡುವೆ, 2024ರ ಡಿಸೆಂಬರ್‌ನಲ್ಲಿ, 40ರ ವಯಸ್ಸಿನಲ್ಲಿ ಕಂಠೀರವದಲ್ಲಿ ಕೇರಳ ಬ್ಲಾಸ್ಟರ್ಸ್ ಎದುರು ಹ್ಯಾಟ್ರಿಕ್.

ಹುಡುಗನ ಪ್ರಕರಣಕ್ಕೆ ಬಂದರೆ

ಇಷ್ಟೆಲ್ಲ ನೋಡಿದ ಮೇಲೆ ತಂದೆಯ ವಾದ ಅರ್ಧ ಬಿತ್ತು. ಕ್ಲಬ್ ಬದಲಾಯಿಸುವುದೇ ತಪ್ಪು ಅಂತ ಇನ್ನು ಹೇಳುವ ಹಾಗಿರಲಿಲ್ಲ. ಮಗನ ವಾದವೂ ಅರ್ಧ ಬಿತ್ತು. ದೊಡ್ಡ ಹೆಸರು ಸಿಕ್ಕರೆ ಹೋಗಿಬಿಡಬೇಕು ಅನ್ನುವುದಕ್ಕೆ ಕ್ಯಾನ್ಸಸ್ ಮತ್ತು ಲಿಸ್ಬನ್ ಎದುರಿಗೇ ಇವೆ. ಹೋಗುವುದಕ್ಕೆ ಅಥವಾ ಉಳಿಯುವುದಕ್ಕೆ ಎರಡು ವಿಷಯ ಗೊತ್ತಾಗಬೇಕು. ಅಲ್ಲಿ ಎಷ್ಟು ನಿಮಿಷ ಆಟ ಸಿಗುತ್ತದೆ? ಅವನನ್ನು ಬೇಕು ಅಂದವರು ಯಾರು, ಕೋಚಾ ಅಥವಾ ಮಧ್ಯದವರಾ? ಬೆಂಗಳೂರು ಚೆಟ್ರಿಗೆ ಈ ಎರಡಕ್ಕೂ ಒಳ್ಳೆಯ ಉತ್ತರ ಕೊಟ್ಟಿತು. ಸ್ಪೋರ್ಟಿಂಗ್ ಕೊಡಲಿಲ್ಲ.

ನಮ್ಮ ಹುಡುಗನ ಹಿಂದಿನ ಬದಲಾವಣೆಗಳನ್ನೂ ಇದೇ ರೀತಿ ನೋಡಿದೆವು. ಮೊದಲ ಕ್ಲಬ್ ಬಿಟ್ಟದ್ದು ಸಂಬಳ ಸರಿಯಾಗಿ ಬರದೆ. ಎರಡನೆಯದು ಬಿಟ್ಟದ್ದು ಬೆಂಚಿನಿಂದ ಏಳಲು ಬಿಡದ ಕಾರಣ. ಎರಡೂ ಸರಿಯಾದ ಕಾರಣವೇ. ತಂದೆ ಅದನ್ನು ಮೊದಲ ಸಲ ಪೂರ್ತಿಯಾಗಿ ಕೇಳಿಸಿಕೊಂಡರು. ಅಲ್ಲಿವರೆಗೆ ಅವರಿಗೆ ಗೊತ್ತಿದ್ದದ್ದು ಮಗ ಕ್ಲಬ್ ಬಿಟ್ಟ ಅಂತ ಮಾತ್ರ.

ತಂದೆಗೆ ಇನ್ನೊಂದು ಲೆಕ್ಕ ಇತ್ತು. ರೈಲ್ವೆಯಂಥ ಕಡೆ ಕ್ರೀಡಾ ಕೋಟಾದ ಕೆಲಸ. ಅದು ಸಣ್ಣ ಆಸೆ ಅಲ್ಲ, ನಾನು ಅದನ್ನು ತೆಗೆದುಹಾಕಲ್ಲ. ಆದರೆ ಅದಕ್ಕೆ ದಾರಿ ರಾಜ್ಯ ತಂಡಗಳು ಆಡುವ ಸಂತೋಷ್ ಟ್ರೋಫಿಯಂಥ ಟೂರ್ನಿ. ರಾಜ್ಯ ತಂಡಕ್ಕೆ ಆಯ್ಕೆ ಮಾಡುವವರ ಕಣ್ಣಿಗೆ ಬೀಳಬೇಕು. 2023ರ ಮಾರ್ಚ್ 4ರಂದು ಸೌದಿಯ ರಿಯಾದ್‌ನಲ್ಲಿ ಕರ್ನಾಟಕ ಮೇಘಾಲಯವನ್ನು 3-2ರಿಂದ ಸೋಲಿಸಿ ಸಂತೋಷ್ ಟ್ರೋಫಿ ಗೆದ್ದಿತು. 54 ವರ್ಷದ ಮೇಲೆ ಬಂದ ಕಪ್. ಬೆಂಗಳೂರಿನ ಲೀಗ್‌ನಲ್ಲಿ ಪ್ರತಿ ವಾರ ಆಡಿ ಗೋಲು ಹೊಡೆಯುವವನು ಆ ಕಣ್ಣಿಗೆ ಬೀಳುತ್ತಾನೆ. ಗೋವಾದ ಬೆಂಚಿನಲ್ಲಿ ಕೂತವನು ಬೀಳಲ್ಲ. ಚೆಟ್ರಿಗೆ ದೇಶದ ಅಂಗಿ ಏನು ಮಾಡಿತೋ ಈ ಹುಡುಗನಿಗೆ ರಾಜ್ಯದ ಅಂಗಿ ಅದನ್ನು ಮಾಡಬಲ್ಲದು.

ನಿಯಮವೊಂದನ್ನೂ ನೆನಪಿಡಬೇಕಿತ್ತು. ಫಿಫಾ ಪ್ರಕಾರ ಒಂದು ಸೀಸನ್‌ನಲ್ಲಿ ಮೂರು ಕ್ಲಬ್ಬಿಗಿಂತ ಹೆಚ್ಚು ಕಡೆ ನೋಂದಣಿ ಆಗುವಂತಿಲ್ಲ. ಅದರಲ್ಲೂ ಎರಡು ಕ್ಲಬ್ಬಿಗೆ ಮಾತ್ರ ಪಂದ್ಯ ಆಡಬಹುದು. ಆತುರದಲ್ಲಿ ಹೋಗಿ, ಸರಿಬರದೆ ವಾಪಸ್ ಬಂದರೆ ವರ್ಷವೇ ಕೈತಪ್ಪಬಹುದು. ಇದು ಹುಡುಗನಿಗೆ ಗೊತ್ತಿರಲಿಲ್ಲ. ಕರೆದವರೂ ಹೇಳಿರಲಿಲ್ಲ.

ಆಮೇಲೆ ಅವನೇ ಗೋವಾಕ್ಕೆ ಫೋನ್ ಮಾಡಿದ. ನಾನು ಪಕ್ಕದಲ್ಲಿ ಕೂತಿದ್ದೆ ಅಷ್ಟೇ. ನಿಮ್ಮಲ್ಲಿ ಈಗ ಎಷ್ಟು ಸ್ಟ್ರೈಕರ್ ಇದ್ದಾರೆ ಅಂತ ಕೇಳಿದ. ಇಬ್ಬರು, ಅದರಲ್ಲಿ ಒಬ್ಬ ಹೊರದೇಶದವನು ಅಂದರು. ನನ್ನನ್ನು ನಡುವೆ ಆಡಿಸುತ್ತೀರಾ, ರೆಕ್ಕೆಗಾ ಅಂತ ಕೇಳಿದ. ಬಂದ ಮೇಲೆ ನೋಡೋಣ ಅಂದರು. ಕೋಚ್ ನನ್ನ ಆಟ ನೋಡಿದ್ದಾರಾ ಅಂದ. ನೋಡಿರಲಿಲ್ಲ. ಸಂಬಳದ ತಾರೀಕು ಒಪ್ಪಂದದಲ್ಲಿ ಬರೆಯುತ್ತೀರಾ ಅನ್ನುವ ಪ್ರಶ್ನೆ ತಂದೆಯದು. ಅದಕ್ಕೆ ಹೌದು ಅಂದರು. ಫೋನ್ ಎತ್ತಿದವರು ಸಭ್ಯವಾಗಿಯೇ ಮಾತಾಡಿದರು. ಯಾರೂ ಸುಳ್ಳು ಹೇಳಲಿಲ್ಲ.

ಹುಡುಗ ಬರಲ್ಲ ಅಂತ ಹೇಳಿಲ್ಲ. ಈ ಸೀಸನ್ ಮುಗಿಯುವವರೆಗೆ ಇಲ್ಲೇ ಆಡುತ್ತೇನೆ, ಅಷ್ಟರಲ್ಲಿ ನಿಮ್ಮ ಕೋಚ್ ನನ್ನ ಆಟ ನೋಡಲಿ ಅಂದಿದ್ದಾನೆ. ಈಗಿನ ಕ್ಲಬ್ಬಿನ ಕೋಚ್ ಸಹಾಯದಿಂದ ಪೂರ್ತಿ ಪಂದ್ಯಗಳ ವಿಡಿಯೊ ಕಳಿಸುತ್ತಿದ್ದಾನೆ. ಬರೀ ಗೋಲಿನ ತುಣುಕು ಬೇಡ, ಚೆಂಡು ಕಾಲಲ್ಲಿ ಇಲ್ಲದಾಗ ಹೇಗೆ ಓಡುತ್ತಾನೆ ಅನ್ನುವುದೂ ಕಾಣಲಿ ಅಂತ ನಾನು ಹೇಳಿದೆ. ಕಳೆದ ವಾರದ ಪಂದ್ಯವನ್ನು ನೋಡಲು ಅವನ ಅಪ್ಪ ಮೊದಲ ಸಲ ಬೆಂಗಳೂರಿಗೆ ಬಂದಿದ್ದರು. ಅವರ ಮೊಬೈಲ್‌ನಲ್ಲಿ ತೆಗೆದ ಎರಡನೇ ಅರ್ಧದ ವಿಡಿಯೊ ಕೂಡ ಗೋವಾಕ್ಕೆ ಹೋಗಿದೆ.